ಚಕ್ಕುಬಂದಿಯಲ್ಲಿ ಇಲ್ಲದ ಹೊಳೆ

ಹೊನ್ನಾಳಿಯಲ್ಲಿ ಸೈಟು ನೋಡಲು ನಾವು ಹೋದದ್ದು ಫೆಬ್ರವರಿಯಲ್ಲಿ. ತುಂಗಭದ್ರೆ ಆಗ ಬಂಡೆಗಳ ಸಂದಿಯಲ್ಲಿ ದಾರಿ ಹುಡುಕಿಕೊಂಡು ಸಣ್ಣಗೆ ಹರಿಯುತ್ತಿತ್ತು. ಹೊಳೆಯ ಮಧ್ಯೆ ಎಮ್ಮೆ ಮೈ ತೊಳೆಯುತ್ತಿದ್ದವನ ಮೊಣಕಾಲೂ ನೆಂದಿರಲಿಲ್ಲ. ‘ಹೊಳೆ ಎಷ್ಟು ದೂರ ಐತಿ ನೋಡ್ರಿ ಸಾರ್’ ಎಂದು ಬ್ರೋಕರ್ ಕೈ ಚಾಚಿ ತೋರಿಸಿದ. ನಿಜಕ್ಕೂ ದೂರವೇ ಇತ್ತು.

ಮನೆ ಬೇಕಾಗಿದ್ದು ನನಗಲ್ಲ, ಅಕ್ಕನಿಗೆ. ಅಕ್ಕ ನ್ಯಾಮತಿ ಕಡೆಯ ಶಾಲೆಯಲ್ಲಿ ಟೀಚರು, ಭಾವನಿಗೆ ಹರಿಹರದಲ್ಲಿ ಕೆಲಸ. ಇಬ್ಬರ ನಡುವೆ ಬಸ್ಸಿಗೆ ಅನುಕೂಲವಾಗಿ ಬಿದ್ದಿರುವ ಊರು ಹೊನ್ನಾಳಿ. ಬಂಡವಾಳವೆಂದರೆ ಚೀಟಿ ಎತ್ತಿದ ದುಡ್ಡು, ಬ್ಯಾಂಕಿನ ಸಾಲ, ಸಾಲದೆ ಬಂದರೆ ಅಕ್ಕನ ಒಡವೆ. ಒಡವೆ ಅಡವಿಡುವ ಮಾತಿಗೆ ಭಾವ ಒಳಗೊಳಗೇ ನಕ್ಕರು. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಬ್ಯಾಂಕೊಂದರಿಂದ ಹದಿನೇಳು ಕಿಲೋಗೂ ಮಿಕ್ಕಿ ಅಡವಿನ ಬಂಗಾರ ಕಳುವಾಗಿತ್ತು. ತಿಂಗಳುಗಟ್ಟಲೆ ಸುಳಿವಿರದಿದ್ದ ಅದರ ಬಹುಪಾಲು ಕಡೆಗೆ ಸಿಕ್ಕಿದ್ದು ತಮಿಳುನಾಡಿನ ಬಾವಿಯೊಂದರಲ್ಲಿ. ಆ ಕಥೆ ಈ ಸೀಮೆಯ ಚಹಾದಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ.

ಹೊನ್ನಾಳಿಯೇ ಯಾಕೆ ಎಂದು ನಾನೂ ಕೇಳಿದ್ದೆ. ಚನ್ನಗಿರಿಯಲ್ಲಿ ಭಾವನ ಕಡೆಯವರಿದ್ದಾರೆ. ಆದರೆ ಅಲ್ಲಿ ಸೈಟಿನ ದರ ಅಡಿಕೆಯ ಜೊತೆಗೇ ಏಳುತ್ತದೆ. ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ನಲ್ಲಿ ರಾಶಿ ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಬೆಳೆಗಾರರು ಊರಲ್ಲೊಂದು ಜಾಗ ಹಿಡಿದಿಡುತ್ತಾರೆ. ಧಾರಣೆ ಬಿದ್ದರೂ ಹಿಡಿದ ಜಾಗ ಬಿಡುವುದಿಲ್ಲ. ಸಂಬಳದವರು ಅವರ ಜೊತೆ ಪೈಪೋಟಿಗೆ ಇಳಿಯುವುದು ಕಷ್ಟ. ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಕಚೇರಿಗಳಿಗಿಂತ ಮೊದಲು ಬಂದದ್ದು ದರ. ಜಗಳೂರು ಅಗ್ಗ, ಆದರೆ ಇವರಿಬ್ಬರ ಕೆಲಸಕ್ಕೂ ಅದಕ್ಕೂ ದಿಕ್ಕೇ ಬೇರೆ. ಅಲ್ಲಿ ನೀರು ಬಾರದ್ದಕ್ಕೆ ಜಾಗ ಅಗ್ಗ, ಹೊನ್ನಾಳಿಯ ಕೆಳಭಾಗದಲ್ಲಿ ನೀರು ಬರುವುದಕ್ಕೆ ಅಗ್ಗ. ಇದೇ ಹೊಳೆಯ ನೀರನ್ನು ಹರಿಹರ ತಾಲ್ಲೂಕಿನ ದೀಟೂರಿನಿಂದ ಎತ್ತಿ ಜಗಳೂರು ಸೀಮೆಯ 57 ಕೆರೆಗಳಿಗೆ ಹರಿಸುವ ಯೋಜನೆಯಾಗಿದೆ. ಅಲ್ಲಿನವರು ನೀರು ಬಂತೆಂದು ಕೆರೆಗೆ ಬಾಗಿನ ಬಿಡುತ್ತಾರೆ. ಇಲ್ಲಿ ನೀರು ಬಂತೆಂದರೆ ಟ್ರಂಕು ಅಟ್ಟ ಸೇರುತ್ತದೆ.

ಊರಿನ ಇತಿಹಾಸ ಹೇಳದೆ ಸ್ಥಳ ಪರಿಚಯ ಮುಗಿಯುವುದಿಲ್ಲವಾದ್ದರಿಂದ ಇಷ್ಟು: ಹೊನ್ನಾಳಿ, ಚನ್ನಗಿರಿಗಳು ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಮೂರೂ ಇತ್ತ ಬಂದವು. ಆಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಯಿತು. ಹೊನ್ನಾಳಿಯಲ್ಲಿ ಹಿರೇಕಲ್ಮಠ ಇದೆ, ಹೊಳೆ ದಂಡೆಗೆ ಎರಡನೇ ಮಂತ್ರಾಲಯವೆಂದು ಭಕ್ತರು ಕರೆಯುವ ರಾಯರ ಮಠ ಇದೆ. ಹೆಸರಿನಲ್ಲೇ ಹೊನ್ನಿರುವ ಊರು. ಸೈಟಿನ ದರ ಕೇಳಿದಾಗ ಆ ಹೆಸರು ಮತ್ತೆ ನೆನಪಾಯಿತು.

ಟಿ.ಬಿ. ಸರ್ಕಲ್ ಆಸುಪಾಸಿನ ದರ ಕೇಳಿ ಅಕ್ಕ ಮುಂದಿನ ಪ್ರಶ್ನೆ ಕೇಳಲಿಲ್ಲ. ಬ್ರೋಕರ್ ಅರ್ಥ ಮಾಡಿಕೊಂಡು ನಮ್ಮನ್ನು ಇಳಿಜಾರಿನ ಕಡೆಗೆ ಕರೆದುಕೊಂಡು ಹೋದ. ಒಂದು ಕಾಲಕ್ಕೆ ಭತ್ತದ ಗದ್ದೆಯಾಗಿದ್ದ ಜಾಗ. ಕೆಂಪು ಮಣ್ಣು ಹೊಡೆಸಿ, ಕಲ್ಲು ನೆಟ್ಟು, ಮೂವತ್ತು ನಲವತ್ತರ ಸೈಟುಗಳನ್ನು ಗುರುತು ಮಾಡಿದ್ದರು. ಬದುವಿನ ಅಂಚಿನಲ್ಲಿ ಜೊಂಡು ಇನ್ನೂ ಹಸಿರಾಗಿತ್ತು. ‘ಅಲಿನೇಷನ್ ಆಗೈತೇನ್ರಿ?’ ಎಂದು ಭಾವ ಕೇಳಿದರು. ‘ಪ್ರೊಸೆಸ್ಸಲ್ಲೈತ್ರಿ’ ಎಂದ. ಈ ‘ಪ್ರೊಸೆಸ್ಸು’ ಎಂಬ ಶಬ್ದದ ಮೇಲೆ ಕರ್ನಾಟಕದಲ್ಲಿ ಎಷ್ಟು ಮನೆಗಳು ನಿಂತಿವೆಯೋ ದೇವರೇ ಬಲ್ಲ.

ಖಾತ್ರಿ ಮಾಡಿಕೊಳ್ಳೋಣವೆಂದು ನೋಂದಣಿ ಕಚೇರಿ ಹತ್ತಿರ ಹೋದೆವು. ಅಲ್ಲಿ ಸಿಕ್ಕವರೇ ಪತ್ರ ಬರೆಯುವ ಹಿರಿಯರು. ಎಪ್ಪತ್ತು ದಾಟಿರಬೇಕು. ಬಿಳಿ ಜುಬ್ಬಾ, ಜೇಬಿನಲ್ಲಿ ಎರಡು ಇಂಕ್ ಪೆನ್ನು, ಮುಂದೊಂದು ಇಳಿಜಾರು ಮೇಜು. ಪಕ್ಕದ ಅಂಗಡಿಯಲ್ಲಿ ಹುಡುಗರು ಕಂಪ್ಯೂಟರ್ ಮುಂದೆ ಕೂತಿದ್ದರು, ಜನ ಅಲ್ಲಿದ್ದರು. ಇವರ ಮುಂದೆ ನಾವು ಮೂವರೇ. 2023ರಲ್ಲಿ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಕೈಬರಹಕ್ಕೆ ಕೆಲಸ ಉಳಿದಿಲ್ಲ. ‘ನಾನು ಬರದದ್ದನ್ನ ಆ ಹುಡುಗ ಟೈಪು ಮಾಡ್ತಾನೆ. ಅವನಿಗೆ ಅಪ್‌ಲೋಡ್ ಗೊತ್ತು, ನನಗೆ ಚಕ್ಕುಬಂದಿ ಗೊತ್ತು’ ಎಂದರು. ದೂರು ಹೇಳುವ ದನಿಯಲ್ಲ, ಹಂಚಿಕೆ ಹೇಳುವ ದನಿ.

ಚಕ್ಕುಬಂದಿ ಎಂದರೆ ಜಾಗದ ನಾಲ್ಕೂ ದಿಕ್ಕಿನ ಗಡಿ. ಹಳೇ ಕ್ರಯಪತ್ರಗಳ ಜೆರಾಕ್ಸ್ ಕಟ್ಟು ಅವರ ಚೀಲದಲ್ಲಿತ್ತು. ಒಂದನ್ನು ತೆಗೆದು ಬೆರಳಿಟ್ಟು ಓದಿಸಿದರು. ಪಡುವಲಿಗೆ ಇಂಥವರ ಹಿತ್ತಲು, ಬಡಗಲಿಗೆ ಗಾಡಿ ದಾರಿ, ತೆಂಕಲಿಗೆ ಹುಣಸೆ ಮರ, ಮೂಡಲಿಗೆ ಹೊಳೆ. ‘ಇದು ಅಂಕಣದ ಲೆಕ್ಕದಾಗ ಮನಿ ಮಾರ್ತಿದ್ದ ಕಾಲದ್ದು. ಮೂರಂಕಣದ ಮನಿ, ಐದಂಕಣದ ಮನಿ. ಸ್ಕ್ವೇರ್ ಫೂಟ್ ಯಾರಿಗೂ ಗೊತ್ತಿರಲಿಲ್ಲ.’ ಆಮೇಲೆ ಹೊಸ ಬಡಾವಣೆಯೊಂದರ ಪತ್ರ ತೆಗೆದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟು, ಉತ್ತರಕ್ಕೆ ಸೈಟು, ದಕ್ಷಿಣಕ್ಕೆ ಸೈಟು. ‘ಎರಡೂ ಒಂದೇ ಜಾಗ. ನೋಡ್ರಿ, ಹೊಳೆ ಎಲ್ಲಿ ಹೋತು?’

ನಾವು ಸುಮ್ಮನಿದ್ದೆವು. ಅವರು ಇನ್ನೂ ಹುರುಪುಗೊಂಡರು. ‘ಸ್ವಸಂತೋಷದಿಂದ ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’ ಎಂದು ಕಣ್ಣು ಮುಚ್ಚಿ ಶುರು ಮಾಡಿ, ಜಾಗದ ಜೊತೆ ಕೊಳ್ಳುವವನಿಗೆ ಬರುವ ಎಂಟು ಭೋಗಗಳನ್ನು ಉಸಿರು ಬಿಡದೆ ಹೇಳಿದರು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಶಾಸನಗಳ ಕಾಲದಿಂದ ನಡೆದುಬಂದ ಮಾತು. ಕಣ್ಣು ತೆರೆದು ಅಕ್ಕನ ಕಡೆ ನೋಡಿ, ‘ಮೂರನೇದು ಜಲ ಅಂದ್ನಲ್ಲವ್ವ, ನೀವು ನೋಡಿ ಬಂದ ಕಡೆ ಅದು ಕೇಳದೇನೇ ಬರುತ್ತೆ’ ಎಂದರು.

ಕೆಲಸಕ್ಕೆ ಬರುವ ಮಾತನ್ನೂ ಅವರೇ ಹೇಳಿದರು, ದುಡ್ಡು ಕೇಳದೆ. ಹೊಲವನ್ನು ಮನೆ ಕಟ್ಟಲು ಬಳಸಬೇಕಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ, ಅಂದರೆ ಭಾವ ಕೇಳಿದ ಅಲಿನೇಷನ್, ಆಗಿರಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಜಾಗವಾದರೆ ಇ-ಸ್ವತ್ತಿನ ನಮೂನೆ 9ರ ಜೊತೆ 11ಎ ಇದೆಯೋ, ಬರೀ 11ಬಿ ಇದೆಯೋ ನೋಡಬೇಕು. ಬಿ ಎಂದಿದ್ದರೆ ಬ್ಯಾಂಕಿನವರು ಮುಖ ತಿರುಗಿಸುವ ಸಂಭವ ಹೆಚ್ಚು. ಊರೊಳಗಿನ ಜಾಗಕ್ಕೆ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. 2025ರಲ್ಲಿ ಅನಧಿಕೃತ ಬಡಾವಣೆಗಳಿಗೆ ಬಿ-ಖಾತಾ ಕೊಡಲು ಶುರು ಮಾಡಿದ್ದಾರೆ, ಆದರೆ ಬಿ-ಖಾತಾ ಎಂದರೆ ತೆರಿಗೆ ಕಟ್ಟಿಸಿಕೊಳ್ಳುವ ಏರ್ಪಾಡು, ಸಕ್ರಮ ಮಾಡಿದಂತಲ್ಲ. ಇನ್ನು ಖರ್ಚು. ಮುದ್ರಾಂಕ ಶುಲ್ಕ ನೂರಕ್ಕೆ ಐದು, ಅದರ ಮೇಲಿನ ಸೆಸ್ಸು ಸರ್ಚಾರ್ಜು ಬೇರೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಒಂದರಿಂದ ಎರಡಾಗಿದೆ. ‘ಹತ್ತು ಲಕ್ಷದ ಜಾಗಕ್ಕೆ ಮೊದಲು ಅರವತ್ತಾರು ಸಾವಿರ ಆಗ್ತಿತ್ತು, ಈಗ ಎಪ್ಪತ್ತಾರು. ಅಗ್ಗದ ಜಾಗ ಅಂತ ಬಂದೋರು ಇಲ್ಲೇ ಅರ್ಧ ಸುಸ್ತಾಗ್ತಾರೆ.’

ಇಷ್ಟೆಲ್ಲ ಹೇಳಿ, ನೀರಿನ ಬಗ್ಗೆ ಕಾಗದದಲ್ಲಿ ಏನೂ ಸಿಗುವುದಿಲ್ಲ, ಬಾಲರಾಜ ಘಾಟಿಗೆ ಹೋಗಿ ಗೋಡೆ ಕೇಳಿ ಬನ್ನಿ ಎಂದು ಕಳಿಸಿದರು.

ಹೋದೆವು. ಹೊಳೆ ದಂಡೆಯ ಬಡವರ ಕೇರಿ. ತುಂಗಭದ್ರೆ ಏರಿದಾಗಲೆಲ್ಲ ಪತ್ರಿಕೆಗಳಲ್ಲಿ ಮೊದಲು ಬರುವ ಹೆಸರು ಇದು. ಮೇಲೆ ಗಾಜನೂರಿನ ತುಂಗಾ ಅಣೆಕಟ್ಟು ಸಣ್ಣದು, 3.24 ಟಿಎಂಸಿ, ತೀರ್ಥಹಳ್ಳಿ, ಶೃಂಗೇರಿ ಕಡೆ ಮಳೆ ಹಿಡಿದರೆ ಬೇಗ ತುಂಬಿ ಗೇಟು ಎತ್ತುತ್ತಾರೆ. ಭದ್ರಾ ಅದಕ್ಕಿಂತ ಇಪ್ಪತ್ತು ಪಟ್ಟಿಗೂ ದೊಡ್ಡದು, ನಿಧಾನಕ್ಕೆ ತುಂಬುತ್ತದೆ. ಅದೂ 186 ಅಡಿ ಮುಟ್ಟಿ ಎರಡೂ ನೀರು ಒಟ್ಟಿಗೆ ಬಿಟ್ಟರೆ ಕೂಡಲಿಯಲ್ಲಿ ಸೇರಿ ಇಲ್ಲಿಗೆ ಬರುತ್ತದೆ. 2019ರಲ್ಲಿ ಇಲ್ಲಿ ನೀರು ಏರಿತು, 2024ರಲ್ಲೂ ಏರಿತು. ಹೊಳೆಯ ಮಟ್ಟ ಅಳೆಯಲು ಕೇಂದ್ರೀಯ ಜಲ ಆಯೋಗದ ಮಾಪನ ಕೇಂದ್ರ ಹೊನ್ನಾಳಿಯಲ್ಲೇ ಇದೆ. ಸೈಟು ಕೊಳ್ಳುವವರು ಅದರ ಲೆಕ್ಕ ಕೇಳಿದ್ದನ್ನು ನಾನಂತೂ ಎಲ್ಲೂ ಕೇಳಿಲ್ಲ. ನಾವೂ ಕೇಳಿರಲಿಲ್ಲ.

ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ಮೊದಲು ಸರ್ವೆಯವರೆಂದು ತಿಳಿದರು. ‘ಬರ್ದುಕೊಂಡು ಹೋಗೋರು ಭಾಳ ಮಂದಿ, ಜಾಗ ಕೊಡೋರು ಯಾರೂ ಇಲ್ಲ’ ಎಂದರು. ಬೇರೆ ಕಡೆ ನಿವೇಶನ ಕೊಡುವ ಮಾತು, ತಡೆಗೋಡೆಯ ಮಾತು ಪ್ರತಿ ಮಳೆಗಾಲ ಬಂದು ನೀರಿನ ಜೊತೆಗೇ ಇಳಿದು ಹೋಗುತ್ತದಂತೆ. ಮನೆಯ ಕಾಗದಪತ್ರಗಳನ್ನೆಲ್ಲ ನ್ಯಾಮತಿಯ ಮಗಳ ಮನೆಯಲ್ಲಿಟ್ಟಿದ್ದಾರೆ. ಮನೆ ಇಲ್ಲಿ, ಪತ್ರ ಅಲ್ಲಿ. ಗೋಡೆಯ ಗುರುತು ತೋರಿಸಿ ಎಂದದ್ದಕ್ಕೆ ನಕ್ಕರು. ಹೊರಗೋಡೆಗೆ ದೀಪಾವಳಿಗೆ ಸುಣ್ಣ ಬಳಿದಾಗಿತ್ತು. ಒಳಗೆ ಬಾಗಿಲ ಹಿಂದೆ ಮೊಮ್ಮಗ ಇದ್ದಿಲಲ್ಲಿ ಎಳೆದ ಗೆರೆ ಉಳಿದಿತ್ತು, ಪಕ್ಕದಲ್ಲಿ 2019 ಎಂದು ಬರೆದಿದ್ದ. ಅಕ್ಕ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಗೆರೆ ಅವಳ ಹೆಗಲಿಗೆ ಬಂತು. ಕೈಯಿಂದ ಹೆಗಲು ಮುಟ್ಟಿ ನೋಡಿಕೊಂಡು ಏನೂ ಹೇಳದೆ ಹೊರಗೆ ಬಂದಳು.

ಆ ಅಜ್ಜಿಗೆ ಬೇರೆ ಜಾಗವಿಲ್ಲ, ಅದಕ್ಕೇ ಅಲ್ಲಿದ್ದಾರೆ. ನಮಗೆ ತೋರಿಸಿದ ಗದ್ದೆ ಆ ಗೋಡೆಗಿಂತ ಎಷ್ಟು ಎತ್ತರದಲ್ಲಿದೆ ಎಂದು ಭಾವ ವಾಪಸು ಬರುವಾಗ ಹೆಜ್ಜೆ ಹೆಜ್ಜೆಗೂ ಅಂದಾಜು ಮಾಡುತ್ತಿದ್ದರು. ಹೆಚ್ಚೇನಿಲ್ಲ ಎಂಬುದಷ್ಟೇ ಗೊತ್ತಾಯಿತು. ಮಣ್ಣು ಹೊಡೆಸಿದ್ದು ಕಾಲಿಗೆ ಸಿಗುತ್ತದೆ, ನೀರಿನ ಲೆಕ್ಕಕ್ಕೆ ಸಿಗುವುದಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದಾಗ ಬ್ರೋಕರ್ ಫೋನ್ ಮಾಡಿದ. ಇನ್ನೊಂದು ಪಾರ್ಟಿ ಬಂದಿದೆ, ಇವತ್ತೇ ಟೋಕನ್ ಕೊಟ್ಟರೆ ಹಿಡಿದಿಡುತ್ತೇನೆ ಎಂದ. ಭಾವ ಅಕ್ಕನ ಮುಖ ನೋಡಿದರು. ‘ಜುಲೈನಾಗ ಬಂದು ಇನ್ನೊಂದ್ಸಲ ನೋಡ್ತೀವಿ ಅಂತ ಹೇಳ್ರಿ’ ಎಂದಳು. ಸ್ಪೀಕರಿನಲ್ಲಿದ್ದ ಫೋನಿನಿಂದ ನಗು ಕೇಳಿಸಿತು.

‘ಜುಲೈನಾಗ ಯಾರು ತೋರಿಸ್ತಾರೆ ಅಕ್ಕಾರೆ!’