ತಲೆಯಿಂದ ಪಾದದವರೆಗೆ ಎರಡನೆಯ ನೋಟ

ಮಳೆ ತುಸು ಬಿಡುವು ಕೊಟ್ಟರೆ ಸಾಕು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಕಾಲಿಗೆ ತಳೆ ಹಾಕಿ ಮರ ಏರುವವರಿಗೆ ಪಾಚಿಗಟ್ಟಿದ ಕಾಂಡವೇ ವೈರಿ. ಜಾರಿ ಬಿದ್ದವರು ಹಿಮ್ಮಡಿ ಹಿಡಿದುಕೊಂಡು ನರಳುತ್ತಾರೆ. ಊದಿದ ಹಿಮ್ಮಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಅದೇ ಪೆಟ್ಟು ಕಾಲಿನ ಮೂಲಕ ಮೇಲೇರಿ ಬೆನ್ನುಮೂಳೆಯನ್ನೂ ಜಜ್ಜಿರಬಹುದು. ಹೀಗೆ ಹಿಮ್ಮಡಿ ಮುರಿದುಕೊಂಡ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಗಮನಿಸದೆ ಎತ್ತಿ ಕೂರಿಸಿದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು.

ಅಡಗಿರುವ ಇಂಥ ಗಾಯಗಳನ್ನು ಹುಡುಕುವ ಕ್ರಮಕ್ಕೆ ವೈದ್ಯರು ‘ಸೆಕೆಂಡರಿ ಸರ್ವೆ’, ಅಂದರೆ ಎರಡನೆಯ ತಪಾಸಣೆ ಎನ್ನುತ್ತಾರೆ.

ಹೊಲದಲ್ಲಿ ಬಿದ್ದ ವಿಮಾನ

ಈ ಕ್ರಮ ಪಾಠವಾಗಿ ರೂಪುಗೊಂಡದ್ದರ ಹಿಂದೆ ಒಂದು ದುರಂತವಿದೆ. 1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆ ಶಸ್ತ್ರವೈದ್ಯ ಜೇಮ್ಸ್ ಸ್ಟೈನರ್ ತಾವೇ ನಡೆಸುತ್ತಿದ್ದ ಪುಟ್ಟ ವಿಮಾನ ನೆಬ್ರಾಸ್ಕದ ಹೊಲವೊಂದರಲ್ಲಿ ಬಿತ್ತು. ಪತ್ನಿ ಸ್ಥಳದಲ್ಲೇ ತೀರಿಕೊಂಡರು. ನಾಲ್ವರು ಮಕ್ಕಳಲ್ಲಿ ಮೂವರಿಗೆ ತೀವ್ರ ಗಾಯ. ಹಳ್ಳಿಗಾಡಿನಲ್ಲಿ ದೊರೆತ ಚಿಕಿತ್ಸೆಯ ಕೊರತೆ ಕಂಡ ಅವರು ಸಹೋದ್ಯೋಗಿಗಳೊಡನೆ ಸೇರಿ 1978ರಲ್ಲಿ ವೈದ್ಯರಿಗೆ ತರಬೇತಿ ಆರಂಭಿಸಿದರು. ಇಂದು ಅದು ಹಲವು ದೇಶಗಳಲ್ಲಿ ನಡೆಯುತ್ತಿದೆ. ದೊಡ್ಡಾಸ್ಪತ್ರೆ ದೂರವಿರುವ ಊರುಗಳೇ ಆ ಪಾಠದ ಮೂಲ.

ಹೇಗೆ ನಡೆಯುತ್ತದೆ?

ಮೊದಲ ಸುತ್ತು ಜೀವ ಉಳಿಸಲು: ಕುತ್ತಿಗೆ ಅಲುಗದಂತೆ ಹಿಡಿದು ಶ್ವಾಸಮಾರ್ಗ, ಆಮೇಲೆ ಉಸಿರಾಟ, ರಕ್ತಸ್ರಾವ, ಪ್ರಜ್ಞೆ. ಇವು ಹತೋಟಿಗೆ ಬಂದ ಮೇಲೆಯೇ ಎರಡನೆಯ ಸುತ್ತು. ನಡುವೆ ನಾಡಿ ಕುಸಿದರೆ ಮತ್ತೆ ಮೊದಲಿಗೇ ಮರಳಬೇಕು.

ಎರಡನೆಯ ಸುತ್ತು ಪ್ರಶ್ನೆಗಳಿಂದ ಆರಂಭ. ಯಾವ ಔಷಧಿ ಒಗ್ಗುವುದಿಲ್ಲ? ಈಗ ಏನು ಮಾತ್ರೆ ಸೇವಿಸುತ್ತಾರೆ? ಹಿಂದಿನ ಕಾಯಿಲೆ ಯಾವುದು? ಕೊನೆಯ ಊಟ ಯಾವಾಗ? ಬಿದ್ದದ್ದು ಹೇಗೆ? ಮರದ ಎತ್ತರವೆಷ್ಟು, ಬಿದ್ದದ್ದು ಮೆದು ಮಣ್ಣಿಗೋ ಕಲ್ಲಿನ ಮೇಲೋ ಎಂಬುದನ್ನು ಹೇಳಬಲ್ಲವರು ಕರೆತಂದವರೇ.

ಬಳಿಕ ಕೂದಲೊಳಗಿನ ಗಾಯ, ಕಿವಿ ಮೂಗಿನಿಂದ ಸೋರುವ ದ್ರವ, ಕಣ್ಣಿನ ಪಾಪೆ, ದವಡೆ, ಕುತ್ತಿಗೆ, ಪಕ್ಕೆಲುಬು, ಹೊಟ್ಟೆ, ಸೊಂಟದ ಮೂಳೆ ಎಂದು ಒಂದೊಂದಾಗಿ ನೋಡುತ್ತಾರೆ. ಕೈಕಾಲುಗಳಲ್ಲಿ ನಾಡಿ, ಸ್ಪರ್ಶ, ಚಲನೆ ಪರೀಕ್ಷಿಸುತ್ತಾರೆ. ಮರೆತುಹೋಗುವುದು ಬೆನ್ನು. ಒಬ್ಬರು ತಲೆ ಹಿಡಿದು, ಮೂವರು ಮೈ ಹಿಡಿದು, ಮರದ ದಿಮ್ಮಿ ಉರುಳಿಸುವಂತೆ ಒಟ್ಟಿಗೇ ಹೊರಳಿಸಿದರೆ ಮತ್ತೊಬ್ಬರು ಬೆನ್ನನ್ನು ಮುಟ್ಟಿ ನೋಡಬಹುದು.

ಹೆಚ್ಚಿನ ಚಿಕಿತ್ಸೆಗೆ ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ. ಪೂರ್ತಿ ತಪಾಸಣೆಗೆಂದು ಈ ಪ್ರಯಾಣವನ್ನು ತಡಮಾಡುವಂತಿಲ್ಲ. ನೋಡಿದ್ದೇನು, ನೋಡದೆ ಉಳಿದದ್ದೇನು ಎಂದು ಚೀಟಿಯಲ್ಲಿ ಬರೆದು ಕಳುಹಿಸಿದರೆ ಅಲ್ಲಿನ ವೈದ್ಯರು ಉಳಿದುದನ್ನು ಮುಂದುವರಿಸಬಹುದು.

ತೋಟದಲ್ಲಿದ್ದವರಿಗೆ

ಬಿದ್ದವರನ್ನು ಕೂರಿಸಬೇಡಿ, ನಡೆಸಬೇಡಿ, ಕಂಕುಳಿಗೆ ಕೈಕೊಟ್ಟು ಎತ್ತಿ ಆಟೋದಲ್ಲಿ ಮಡಚಿ ಮಲಗಿಸಬೇಡಿ. ಕುಡಿಯಲು ಏನೂ ಕೊಡಬೇಡಿ. ತಲೆ, ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ಗಟ್ಟಿ ಹಲಗೆಯ ಮೇಲೆ ಮಲಗಿಸಿ. ಆಸ್ಪತ್ರೆಯಲ್ಲಿ ಹಿಮ್ಮಡಿಯ ನೋವನ್ನಷ್ಟೇ ಹೇಳದೆ, ಮರದಿಂದ ಬಿದ್ದದ್ದು ಎಂದು ಮೊದಲೇ ತಿಳಿಸಿ. ಬೆನ್ನು ನೋಡಬೇಕೆಂದು ವೈದ್ಯರಿಗೆ ನೆನಪಿಸುವ ಮಾತು ಅದೇ.