ಲ್ಯಾಪ್‌ಟಾಪ್ ಚಾರ್ಜ್ ಆಗದಿದ್ದಾಗ: ಹಣ ಕೊಡುವ ಮುನ್ನ ವರ್ತಕರು ನೋಡಬೇಕಾದದ್ದು

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಲೆಕ್ಕಕ್ಕೆ ಹೊಸ ಊರಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳೂ ಇವೆ. ಇಂದು ಮಳಖೇಡದ ಸಿಮೆಂಟ್ ವಿತರಕರ, ವಾಡಿಯ ಲಾರಿ ಸಾಗಣೆದಾರರ, ಸೇಡಂ ಮತ್ತು ಚಿತ್ತಾಪುರದ ಬೇಳೆ ಮಿಲ್ಲುಗಳ, ಶಹಾಬಾದಿನ ಕಲ್ಲು ಪಾಲಿಷ್ ಘಟಕಗಳ ಲೆಕ್ಕವು ಕೆಂಪು ಬಟ್ಟೆಯ ಕಿರ್ದಿ ಪುಸ್ತಕದಿಂದ ಹೊರಟು ಗಲ್ಲಾಪೆಟ್ಟಿಗೆಯ ಪಕ್ಕದ ಲ್ಯಾಪ್‌ಟಾಪಿನೊಳಗೆ ಸೇರಿದೆ. ಕಿರ್ದಿ ಪುಸ್ತಕಕ್ಕೆ ಬ್ಯಾಟರಿ ಬೇಕಿರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಈ ವ್ಯತ್ಯಾಸದ ಬಿಸಿ ತಟ್ಟುವುದು ಸಾಮಾನ್ಯವಾಗಿ ತಿಂಗಳ 10ನೇ ತಾರೀಖಿನ ರಾತ್ರಿ. ಮಾಸಿಕ ವಿವರ ಸಲ್ಲಿಸುವವರು ಜಿಎಸ್‌ಟಿಆರ್-1 ನಮೂನೆಯನ್ನು 11ರೊಳಗೆ ಸಲ್ಲಿಸಬೇಕು. ಅದು ತಡವಾದರೆ ಸರಕು ಕೊಂಡ ಗ್ರಾಹಕನಿಗೆ ಆ ತಿಂಗಳ ಹೂಡುವಳಿ ತೆರಿಗೆ ಜಮೆ ಕಾಣಿಸುವುದಿಲ್ಲ. ಆತ ಮರುದಿನವೇ ದೂರವಾಣಿ ಮಾಡುತ್ತಾನೆ. 20ನೇ ತಾರೀಖಿನ 3ಬಿ ನಮೂನೆ ತಪ್ಪಿದರೆ, ತೆರಿಗೆ ಇರುವವರಿಗೆ ದಿನಕ್ಕೆ 50 ರೂ. ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಎಂದರೆ ಯುಪಿಎಸ್ ಇಲ್ಲದ ಗಣಕ. ಲೆಕ್ಕದ ತಂತ್ರಾಂಶವು ದಾಖಲೆ ಬರೆಯುತ್ತಿರುವ ಕ್ಷಣದಲ್ಲೇ ವಿದ್ಯುತ್ ಹೋದರೆ ಇಡೀ ವರ್ಷದ ಕಡತವೇ ಕೆಡಬಹುದು.

ಇಂತಹ ರಾತ್ರಿಯ ಆತುರದಲ್ಲಿ ವರ್ತಕರು ಮಾಡುವ ತಪ್ಪು ಒಂದೇ: ದೋಷ ಎಲ್ಲಿದೆ ಎಂದು ತಿಳಿಯುವ ಮೊದಲೇ ಬ್ಯಾಟರಿ ಬದಲಿಸುವುದು. ಹೊಸ ಬ್ಯಾಟರಿ ಹಾಕಿದ ಮೇಲೂ ಯಂತ್ರ ಚಾರ್ಜ್ ಆಗದಿದ್ದಾಗ ಕೆಟ್ಟಿದ್ದು ಅಡಾಪ್ಟರ್ ಎಂದು ತಿಳಿಯುತ್ತದೆ. ಅಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ.

ಗೋಡೆಯಿಂದ ಯಂತ್ರದವರೆಗೆ

ಪರೀಕ್ಷೆಯನ್ನು ಗೋಡೆಯ ಸಾಕೆಟ್ಟಿನಿಂದ ಆರಂಭಿಸಬೇಕು. ಅದೇ ಸಾಕೆಟ್ಟಿಗೆ ಮೇಜಿನ ದೀಪವನ್ನೋ ಮೊಬೈಲ್ ಚಾರ್ಜರನ್ನೋ ಹಾಕಿ ನೋಡುವುದಕ್ಕೆ ಖರ್ಚಿಲ್ಲ. ಆ ಬಳಿಕ ಅಡಾಪ್ಟರಿನ ಮೇಲಿನ ಸಣ್ಣ ದೀಪ. ಗೋಡೆಗೆ ಹಾಕಿದಾಗ ಉರಿದು, ಲ್ಯಾಪ್‌ಟಾಪಿಗೆ ಜೋಡಿಸಿದೊಡನೆ ಆರಿಹೋಗುವ ದೀಪವು ಅಡಾಪ್ಟರಿನಲ್ಲೋ ಯಂತ್ರದೊಳಗೋ ದೋಷವಿದೆ ಎಂದು ಹೇಳುತ್ತದೆ. ಬೇರೆ ಅಡಾಪ್ಟರ್ ಜೋಡಿಸಿದರೂ ಹಾಗೆಯೇ ಆದರೆ ದೋಷ ಯಂತ್ರದ್ದು.

ಬದಲಿ ಅಡಾಪ್ಟರ್ ತರುವಾಗ ಅದರ ಹಿಂಬದಿಯ ಅಕ್ಷರಗಳನ್ನು ಓದುವ ಶ್ರಮ ಬೇಕು. ವೋಲ್ಟ್ ಮೂಲದಷ್ಟೇ ಇರಬೇಕು. ಆಂಪಿಯರ್ ಮೂಲದಷ್ಟು ಅಥವಾ ಅದಕ್ಕಿಂತ ಹೆಚ್ಚಿರಬಹುದು, ಕಡಿಮೆ ಇರಬಾರದು. 19.5 ವೋಲ್ಟ್, 3.34 ಆಂಪಿಯರ್ ಎಂದರೆ 65 ವಾಟ್; 2.31 ಆಂಪಿಯರ್ ಎಂದರೆ 45 ವಾಟ್. 65 ವಾಟ್ ಕೇಳುವ ಯಂತ್ರಕ್ಕೆ 45 ವಾಟಿನದನ್ನು ಹಾಕಿದರೆ ಯಂತ್ರ ನಡೆಯಬಹುದು, ಆದರೆ ಬ್ಯಾಟರಿ ತುಂಬದು. ಕೆಲಸದ ಭಾರ ಹೆಚ್ಚಿದಾಗ ಪ್ಲಗ್ ಹಾಕಿದ್ದರೂ ಚಾರ್ಜ್ ಇಳಿಯುತ್ತಲೇ ಹೋಗುತ್ತದೆ. ಹೊಸ ಯಂತ್ರಗಳ ಚಪ್ಪಟೆ ಟೈಪ್-ಸಿ ಕಿಂಡಿಗೂ ಇದೇ ಮಾತು. ಕಿಂಡಿಗೆ ಹೊಂದುತ್ತದೆ ಎಂಬ ಕಾರಣಕ್ಕೆ ಮೊಬೈಲಿನ 20 ವಾಟ್ ಚಾರ್ಜರ್ ಲ್ಯಾಪ್‌ಟಾಪನ್ನು ಹೊರಲಾರದು. ಕೇಬಲ್ಲಿನಲ್ಲೂ ಭೇದವಿದೆ: ಸಾಧಾರಣ 3 ಆಂಪಿಯರ್ ಕೇಬಲ್ 60 ವಾಟಿನವರೆಗೆ ಮಾತ್ರ ಸಾಗಿಸುತ್ತದೆ.

ದುಂಡು ಪಿನ್ನಿನ ಕೆಲವು ಕಂಪನಿಗಳ ಅಡಾಪ್ಟರಿನಲ್ಲಿ ನಡುವೆ ಸೂಜಿಯಂಥ ತೆಳು ಕಡ್ಡಿ ಇರುತ್ತದೆ. ತಾನು ಎಷ್ಟು ವಾಟಿನ ಅಡಾಪ್ಟರ್ ಎಂಬ ಗುರುತನ್ನು ಯಂತ್ರಕ್ಕೆ ತಿಳಿಸುವುದು ಅದರ ಕೆಲಸ. ಅದು ಬಾಗಿದರೆ, ಅಥವಾ ತಂತಿಯೊಳಗೆ ಆ ಎಳೆ ಕಡಿದರೆ, ಲ್ಯಾಪ್‌ಟಾಪ್ ಎಂದಿನಂತೆ ನಡೆದೂ ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ. ಒಳ್ಳೆಯ ಬ್ಯಾಟರಿಗೆ ಕೆಟ್ಟ ಹೆಸರು ಬರುವುದು ಬಹುಮಟ್ಟಿಗೆ ಇಲ್ಲಿಯೇ.

ಈ ಭಾಗದ ಧೂಳನ್ನೂ ಮರೆಯುವಂತಿಲ್ಲ. ಸಿಮೆಂಟ್ ಮತ್ತು ಸುಣ್ಣದಕಲ್ಲಿನ ಪುಡಿ ಚಾರ್ಜಿಂಗ್ ಕಿಂಡಿಯಲ್ಲಿ ಕುಳಿತು, ಮಳೆಗಾಲದ ತೇವಕ್ಕೆ ಗಟ್ಟಿಯಾದರೆ ಪಿನ್ನು ಪೂರ್ತಿ ಒಳಹೋಗುವುದಿಲ್ಲ. ಯಂತ್ರವನ್ನು ಆರಿಸಿ, ಅಡಾಪ್ಟರ್ ಕಿತ್ತು, ಒಣಗಿದ ಮೃದು ಕುಂಚದಿಂದ ಅಥವಾ ಮರದ ಹಲ್ಲುಕಡ್ಡಿಯಿಂದ ಶುಚಿ ಮಾಡಬಹುದು, ಗುಂಡುಸೂಜಿ ಸಲ್ಲದು. ಪಿನ್ನನ್ನು ಅಲುಗಾಡಿಸಿದಾಗ ಚಾರ್ಜ್ ಬಂದು ಹೋಗುತ್ತಿದ್ದರೆ ಕಿಂಡಿಯ ಬೆಸುಗೆ ಸಡಿಲವಾಗಿರಬಹುದು. ಅದನ್ನು ದುರಸ್ತಿಗಾರನೇ ನೋಡಬೇಕು.

ಇವೆಲ್ಲ ಸರಿಯಿದ್ದೂ ಯಂತ್ರ ಮೌನವಾಗಿದ್ದರೆ ಅಡಾಪ್ಟರ್ ಕಿತ್ತು, ತೆಗೆಯಬಹುದಾದ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು, ಮತ್ತೆ ಜೋಡಿಸಿ ನೋಡಬೇಕು. ಒಳಗೆ ಉಳಿದ ವಿದ್ಯುತ್ತು ಖಾಲಿಯಾಗಿ ಚಾರ್ಜಿಂಗ್ ನಿಯಂತ್ರಕವು ಹೊಸದಾಗಿ ಆರಂಭವಾಗುತ್ತದೆ. ಮಂತ್ರದಂತೆ ಕಂಡರೂ ಅನೇಕ ವೇಳೆ ಫಲಿಸುವ ಉಪಾಯವಿದು.

ಬ್ಯಾಟರಿಯ ಪುಸ್ತಕ ಬೆಲೆ

ಬ್ಯಾಟರಿಯ ಆರೋಗ್ಯವನ್ನು ಊಹಿಸಬೇಕಾಗಿಲ್ಲ. ವಿಂಡೋಸ್ ಯಂತ್ರವೇ ಲೆಕ್ಕ ಕೊಡುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು, ಆಂಗ್ಲ ಅಕ್ಷರಗಳಲ್ಲಿ ‘ಪವರ್’ ಎಂಬ ಪದಕ್ಕೆ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳನ್ನು ಕೂಡಿಸಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿದರೆ ವರದಿಯೊಂದು ಸಿದ್ಧವಾಗುತ್ತದೆ. ಅದರಲ್ಲಿ ಎರಡು ಅಂಕಿಗಳನ್ನು ನೋಡಿದರೆ ಸಾಕು: ಕಾರ್ಖಾನೆಯಿಂದ ಬಂದಾಗಿನ ಸಾಮರ್ಥ್ಯ, ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ. ಮೊದಲನೆಯದನ್ನು ಮೂಲ ಬೆಲೆ ಎಂದೂ ಎರಡನೆಯದನ್ನು ಸವಕಳಿ ಕಳೆದ ಪುಸ್ತಕ ಬೆಲೆ ಎಂದೂ ತಿಳಿಯಬಹುದು. 45,000 ಮಿಲಿವಾಟ್-ಗಂಟೆ ಇದ್ದದ್ದು 36,000 ಆಗಿದ್ದರೆ ಶೇ. 80 ಉಳಿದಿದೆ, ಚಿಂತೆಯಿಲ್ಲ. 18,000ಕ್ಕೆ ಇಳಿದಿದ್ದರೆ ಉಳಿದದ್ದು ಶೇ. 40, ಬದಲಿಸುವ ಕಾಲ ಬಂದಿದೆ. ದುರಸ್ತಿ ಅಂಗಡಿಗೆ ಹೋಗುವ ಮುನ್ನ ಈ ವರದಿಯನ್ನು ಮುದ್ರಿಸಿಕೊಂಡು ಹೋಗುವವರನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು.

ಲಿಥಿಯಂ ಬ್ಯಾಟರಿಯ ಸವಕಳಿ ಬಳಕೆಯಿಂದ ಮಾತ್ರ ಆಗುವುದಲ್ಲ, ಶಾಖದಿಂದಲೂ ಆಗುತ್ತದೆ. ಕಲಬುರಗಿ ಜಿಲ್ಲೆಯ ಮಟ್ಟಿಗೆ ಇದೇ ಮುಖ್ಯ ಸಂಗತಿ. ಪೂರ್ಣ ಚಾರ್ಜ್ ಆದ ಕೋಶವನ್ನು ಬಳಸದೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಇಟ್ಟರೆ ಸುಮಾರು ಶೇ. 80ರಷ್ಟು ಸಾಮರ್ಥ್ಯ ಉಳಿಯುತ್ತದೆ. 40 ಡಿಗ್ರಿಯಲ್ಲಿ ಉಳಿಯುವುದು ಸುಮಾರು ಶೇ. 65. ಅದೇ 40 ಡಿಗ್ರಿಯಲ್ಲಿ, ಶೇ. 40ರಷ್ಟು ಮಾತ್ರ ಚಾರ್ಜ್ ಮಾಡಿ ಇಟ್ಟರೆ ಸುಮಾರು ಶೇ. 85 ಉಳಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ, ತಗಡಿನ ಮಾಡಿನ ಕಚೇರಿಯ ಮೇಜಿನ ಮೇಲೆ ಹಗಲಿರುಳು ಪ್ಲಗ್ಗಿನಲ್ಲೇ ಇರುವ ಲ್ಯಾಪ್‌ಟಾಪಿನ ಸ್ಥಿತಿ ಏನೆಂದು ಈ ಅಂಕಿಗಳೇ ತಿಳಿಸುತ್ತವೆ. ಫ್ಯಾನಿನ ಕಿಂಡಿಗೆ ಕಲ್ಲಿನ ಧೂಳು ಕಟ್ಟಿದ್ದರೆ ಒಳಗಿನ ಶಾಖ ಇನ್ನೂ ಹೆಚ್ಚು.

ಹಲವು ತಯಾರಕರ ತಂತ್ರಾಂಶದಲ್ಲಿ ಚಾರ್ಜನ್ನು ಶೇ. 80ಕ್ಕೋ 60ಕ್ಕೋ ನಿಲ್ಲಿಸುವ ಸೌಲಭ್ಯವಿದೆ. ಸದಾ ಪ್ಲಗ್ಗಿನಲ್ಲಿರುವ ಯಂತ್ರಕ್ಕೆ ಅದನ್ನು ಅಳವಡಿಸುವುದು ಒಳಿತು. ಅಳವಡಿಸಿದ್ದನ್ನು ಮರೆತು, ‘ಪ್ಲಗ್ ಹಾಕಿದೆ, ಚಾರ್ಜ್ ಆಗುತ್ತಿಲ್ಲ’ ಎಂಬ ಸೂಚನೆ ಕಂಡು ಗಾಬರಿಯಾಗುವವರೂ ಇದ್ದಾರೆ. ಬೇಸಿಗೆಯ ಮಧ್ಯಾಹ್ನ ಇದೇ ಸೂಚನೆ ಬಂದರೆ ಅದು ದೋಷವಲ್ಲದಿರಬಹುದು: ಈ ಕೋಶಗಳನ್ನು ಸುಮಾರು 45 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಚಾರ್ಜ್ ಮಾಡಬಾರದಾದ್ದರಿಂದ ಯಂತ್ರವೇ ತಡೆಹಿಡಿಯುತ್ತದೆ. ಅರ್ಧ ಗಂಟೆ ಆರಿಸಿ ತಂಪಾದ ಕೋಣೆಯಲ್ಲಿಟ್ಟರೆ ಸಾಕು.

ಉಬ್ಬಿದರೆ ಪರೀಕ್ಷೆ ಬೇಡ

ಕೀಲಿಮಣೆಯ ನಡುಭಾಗ ಮೇಲೆದ್ದಿದ್ದರೆ, ಮೌಸ್ ಫಲಕ ಒತ್ತಲು ಬಾರದಿದ್ದರೆ, ಮೇಜಿನ ಮೇಲೆ ಯಂತ್ರ ಸಮನಾಗಿ ಕೂರದಿದ್ದರೆ ಒಳಗೆ ಬ್ಯಾಟರಿ ಉಬ್ಬಿರುವ ಸಂಭವವಿದೆ. ಆಗ ಯಂತ್ರ ಆರಿಸಿ, ಅಡಾಪ್ಟರ್ ಕಿತ್ತು, ಮತ್ತೆ ಚಾರ್ಜ್ ಮಾಡದಿರುವುದೊಂದೇ ದಾರಿ. ಅದನ್ನು ಚುಚ್ಚುವುದು, ಒತ್ತಿ ಕೂರಿಸುವುದು ಬೆಂಕಿಗೆ ಆಹ್ವಾನ. 2006ರ ಆಗಸ್ಟ್‌ನಲ್ಲಿ ಡೆಲ್ ಕಂಪನಿಯು ಸೋನಿ ತಯಾರಿಕೆಯ ಕೋಶಗಳಿದ್ದ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಇಂತಹ ಬೆಂಕಿಯ ಭಯದಿಂದಲೇ. ಗೋಣಿಚೀಲಗಳ ದಾಸ್ತಾನಿನ ನಡುವೆ ಕುಳಿತು ಲೆಕ್ಕ ಬರೆಯುವ ಬೇಳೆ ಮಿಲ್ಲಿನವರು ಇದನ್ನು ಗಮನದಲ್ಲಿಡಬೇಕು.

ಬಿಲ್ಲು ಮತ್ತು ಲೆಕ್ಕ

ಹೊಸ ಬ್ಯಾಟರಿ ಅಥವಾ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಚಿಹ್ನೆಯೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬಿಲ್ಲಿಲ್ಲದೆ ಕೊಂಡರೆ ಅಗ್ಗ ಎಂಬುದು ಭ್ರಮೆ. 3,500 ರೂ. ಮೂಲ ಬೆಲೆಯ ಬ್ಯಾಟರಿಗೆ ಶೇ. 18ರಂತೆ 630 ರೂ. ತೆರಿಗೆ, ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲಿದ್ದರೆ ಸಾಮಾನ್ಯ ನೋಂದಣಿಯುಳ್ಳವರಿಗೆ ಅದು ಜಮೆಯಾಗಿ ಮರಳುತ್ತದೆ. ರಾಜಿ ತೆರಿಗೆ ಪದ್ಧತಿಯವರಿಗೆ ಈ ಲಾಭವಿಲ್ಲ. ಅವರಿಗೂ ಖಾತರಿ ಕೇಳಲು ಬಿಲ್ಲು ಬೇಕೇ ಬೇಕು. ಲೆಕ್ಕದಲ್ಲಿ ಬದಲಿ ಬ್ಯಾಟರಿಯ ವೆಚ್ಚವನ್ನು ದುರಸ್ತಿ ಖಾತೆಗೆ ಬರೆಯಬೇಕು. ಸ್ಥಿರಾಸ್ತಿಗೆ ಸೇರಿಸಿ ವರ್ಷ ವರ್ಷ ಸವಕಳಿ ಕಳೆಯುತ್ತ ಕೂರುವ ಗುಮಾಸ್ತರು ಇನ್ನೂ ಇದ್ದಾರೆ. ಹೊಸ ಲ್ಯಾಪ್‌ಟಾಪನ್ನೇ ಕೊಂಡರೆ ಅದು ಆಸ್ತಿ. ಆದಾಯ ತೆರಿಗೆಯಲ್ಲಿ ಗಣಕಗಳ ಸವಕಳಿ ದರವನ್ನು 2017ರ ಏಪ್ರಿಲ್‌ನಿಂದ ಶೇ. 60ರಿಂದ 40ಕ್ಕೆ ಇಳಿಸಲಾಯಿತು.

ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ತೂಕಕ್ಕೆ ಹಾಕಬಾರದು. 2001ರ ಬ್ಯಾಟರಿ ನಿಯಮಗಳು ಸೀಸದ ಬ್ಯಾಟರಿಗಳಿಗಷ್ಟೇ ಅನ್ವಯವಾಗುತ್ತಿದ್ದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಲಿಥಿಯಂ ಬ್ಯಾಟರಿಗಳನ್ನೂ ಒಳಗೊಂಡು, ಅವುಗಳನ್ನು ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗಲೇ ಹಳೆಯದರ ತುದಿಗಳಿಗೆ ಅಂಟುಪಟ್ಟಿ ಸುತ್ತಿ ಅದೇ ಅಂಗಡಿಗೆ ಒಪ್ಪಿಸಿ, ಬಿಲ್ಲಿನ ಹಿಂದೆ ಬರೆಯಿಸಿಕೊಳ್ಳಬಹುದು.