ನಿಮಗಿದು ಗೊತ್ತೆ? ಬೆಂಗಳೂರಿನಲ್ಲಿ ಪುನರ್ಜನ್ಮ ತಳೆದ ಬಾಂಬರುಗಳು

ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯದಲ್ಲಿಯೂ, ಕೆನಡಾದ ಆಟವಾ ನಗರದಲ್ಲಿಯೂ, ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯದಲ್ಲಿಯೂ ಇಂದು ಪ್ರೇಕ್ಷಕರನ್ನು ವಿಸ್ಮಯಗೊಳಿಸುತ್ತಿರುವ, ಎರಡನೆಯ ಮಹಾಯುದ್ಧಕಾಲದ ಲಿಬರೇಟರ್ ಬಾಂಬರುಗಳು ಪುನರ್ಜನ್ಮ ತಳೆದುದು ನಮ್ಮ ಬೆಂಗಳೂರಿನಲ್ಲಿ!

ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಪರಿತ್ಯಕ್ತವಾದ ಈ ನಾಲ್ಕು ಎಂಜಿನುಗಳ ಮಹಾವಿಮಾನಗಳನ್ನು, ಮತ್ತಾರಿಗೂ ಹಾರಿಸಲಾಗದಂತೆ, ಬ್ರಿಟಿಷರು ಬುದ್ಧಿಪೂರ್ವಕವಾಗಿಯೇ ಜಖಂಗೊಳಿಸಿ ಹೋಗಿದ್ದರು. 1948ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕುಶಲಕರ್ಮಿಗಳು ಆ ಭಗ್ನಾವಶೇಷಗಳನ್ನು ಹೇಗೋ ಒಂದು ಬಾರಿ ಹಾರುವಷ್ಟರ ಮಟ್ಟಿಗೆ ಸಜ್ಜುಗೊಳಿಸಲು, ಪರೀಕ್ಷಾ ವೈಮಾನಿಕ ಜಮ್‌ಶೇದ್ ಮುನ್ಶಿಯವರು ಪ್ರಾಣವನ್ನೇ ಪಣವಾಗಿರಿಸಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಎಂತಹ ಧೈರ್ಯ! ಇಲ್ಲಿ ಸಂಪೂರ್ಣ ದುರಸ್ತಿಯಾಗಿ 40ಕ್ಕೂ ಮಿಕ್ಕ ವಿಮಾನಗಳು ಭಾರತೀಯ ವಾಯುಸೇನೆಯನ್ನು ಸೇರಿದುವು.

ಅನ್ಯದೇಶಗಳು ತಮ್ಮ ಲಿಬರೇಟರುಗಳನ್ನು ಒಡೆದು ಲೋಹವಾಗಿ ಕರಗಿಸಿದ ಬಹುಕಾಲದ ಬಳಿಕವೂ, ಎಂದರೆ 1968ರವರೆಗೂ, ನಮ್ಮವು ಸೇವೆಯಲ್ಲಿದ್ದುವು. ವಿದೇಶೀ ಸಂಗ್ರಹಾಲಯಗಳು ತರುವಾಯ ಭಾರತದತ್ತ ಕೈಚಾಚಿದುದು ಈ ಕಾರಣದಿಂದಲೇ. 1974ರಲ್ಲಿ ಬ್ರಿಟನ್ನಿಗೆ ನಾವು ಉಡುಗೊರೆಯಾಗಿ ಕೊಟ್ಟ ಲಿಬರೇಟರ್, ಅಷ್ಟು ದೂರವನ್ನೂ ತನ್ನ ರೆಕ್ಕೆಗಳ ಮೇಲೆಯೇ ಹಾರಿ ಹೋಯಿತು. ದಿಲ್ಲಿಯ ಪಾಲಂ ವಾಯುಸೇನಾ ಸಂಗ್ರಹಾಲಯದಲ್ಲಿ ಇನ್ನೊಂದನ್ನು ನೋಡಬಹುದು.